ಹಾಳೆ ತಿರುಗಿಸದೆ ಓದಿದ ಅಧ್ಯಾಯ

ಈ ಸಂಗತಿಯನ್ನು ದೆವ್ವದ ಕತೆಯಾಗಿಸಿ ಬಾಯಿಂದ ಬಾಯಿಗೆ ದಾಟಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ಗ್ರಂಥಾಲಯದ ಮೆಟ್ಟಿಲು ಹತ್ತದವರೂ ಕಣ್ಣಾರೆ ಕಂಡವರಂತೆ ವರ್ಣಿಸುತ್ತಾರೆ. ಗಾಜು ಒಡೆಯಿತಂತೆ, ದೀಪ ಆರಿತಂತೆ. ಗಾಜು ಇವತ್ತಿಗೂ ಗಟ್ಟಿಯಾಗಿದೆ, ದೀಪ ಉರಿಯುತ್ತಲೇ ಇತ್ತು. ನಡೆದದ್ದು ಹಾಡಹಗಲಿನಲ್ಲಿ. ಅದನ್ನು ನಡೆದಂತೆಯೇ ಹೇಳುವುದು ಓದುವಮ್ಮನಿಗೆ ಸಲ್ಲಬೇಕಾದ ಕನಿಷ್ಠ ಮರ್ಯಾದೆ.

ಓದುವಮ್ಮ ಎಂಬುದು ಕೇಳುಗರಿಟ್ಟ ಹೆಸರು. ಕಣ್ಣು ಕಾಣದವರಿಗಾಗಿ ಇರುವ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವುದು ಆಕೆಯ ಕೆಲಸ. ಕೂದಲು ಕಪ್ಪಗಿದ್ದಾಗ ಆ ಕೋಣೆ ಹೊಕ್ಕವರು ನರೆತ ಮೇಲೂ ಅಲ್ಲೇ ಇದ್ದರು. ಗೋಡೆಗೆಲ್ಲ ದಪ್ಪ ಮೆತ್ತೆ, ಒಂದು ಮೇಜು, ಒಂದು ಮೈಕು, ಸದ್ದಾಗದಂತೆ ಕಾಲಿಗೆ ರಬ್ಬರು ತೊಡಿಸಿದ ಕುರ್ಚಿ. ಗಾಜಿನ ಆಚೆ ಧ್ವನಿಮುದ್ರಣದವನ ಯಂತ್ರ. ಬಾಗಿಲು ಮುಚ್ಚಿದರೆ ಕಿವಿಯೊಳಗೆ ತನ್ನದೇ ರಕ್ತ ಹರಿಯುವುದು ಕೇಳಿಸುತ್ತಿತ್ತು. ಹೊಸಬರು ಅರ್ಧ ಗಂಟೆಯೊಳಗೆ ಮೈ ಬೆವರಿ ಹೊರಬರುತ್ತಿದ್ದರು. ಓದುವಮ್ಮನಿಗೆ ಅದು ಅಡುಗೆಮನೆಯಷ್ಟೇ ಬಳಕೆ.

ಲೇಖಕ ಬರೆಯದ ಒಂದು ಪದವನ್ನೂ ಅವರು ಎಂದೂ ಸೇರಿಸಿದವರಲ್ಲ. ಅಚ್ಚಿನ ತಪ್ಪಿದ್ದರೆ ತಪ್ಪನ್ನೇ ಓದುತ್ತಿದ್ದರು. ಉಳಿದವರ ಓದನ್ನು ಇನ್ನೊಬ್ಬರು ಪುಸ್ತಕ ಹಿಡಿದು ತಾಳೆ ನೋಡಬೇಕೆಂಬುದು ನಿಯಮ. ಓದುವಮ್ಮನದನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ಆ ಗೌರವವೇ ಮುಳುವಾಯಿತು.

ಆ ವರ್ಷ ವೈಜ್ಞಾನಿಕ ಕಾದಂಬರಿಗಳಿಗೆಂದು ಕೊಡುವ ಓದುಗರ ಪ್ರಶಸ್ತಿಯಲ್ಲಿ ಗ್ರಂಥಾಲಯದ ಕೇಳುಗರ ಬಳಗಕ್ಕೂ ಒಂದು ಮತ ದೊರೆಯಿತು. ಅಂತಿಮ ಸುತ್ತಿಗೆ ಬಂದ ಕಾದಂಬರಿಗಳನ್ನೆಲ್ಲ ಓದುವಮ್ಮನೇ ಓದಿದರು. ಬಳಗದವರು ಗ್ರಂಥಾಲಯದಲ್ಲೇ ಕೂತು ಕೇಳಿ ಮುಗಿಸಿದರು. ಪ್ರತಿಯನ್ನು ಮನೆಗೆ ಕೊಡುವ ಪದ್ಧತಿಯಿರಲಿಲ್ಲ. ಆಮೇಲೆ ನಡುಮನೆಯಂಥ ದೊಡ್ಡ ಕೋಣೆಯಲ್ಲಿ ಚರ್ಚೆಗೆ ಸೇರಿದರು. ಓದಿದವರು ಅಭಿಪ್ರಾಯ ಹೇಳಕೂಡದೆಂದು ಓದುವಮ್ಮ ಯಾರಿಗೂ ತಿಳಿಯದಂತೆ ಮೂಲೆಯ ಕುರ್ಚಿ ಹಿಡಿದಿದ್ದರು.

ಬಳಗದಲ್ಲಿದ್ದ ಸಂಗೀತದ ಟೀಚರು ಕಾಲಯಂತ್ರದ ಕಾದಂಬರಿಯನ್ನು ಬಂದ ಬಾಗಿಲಲ್ಲೇ ಹಿಂದಕ್ಕೆ ಕಳಿಸಿದರು. “ಎರಡು ಸಲ ಸತ್ತು ಮೂರು ಸಲ ಮದುವೆ ಆಗ್ತಾನೆ. ಅದಕ್ಕೆ ಕಾಲಯಂತ್ರ ಯಾಕೆ ಬೇಕಿತ್ತು, ಒಳ್ಳೆ ದಲ್ಲಾಳಿ ಸಾಕಿತ್ತಲ್ಲ” ಎಂದರು. ಎಲ್ಲರೂ ನಕ್ಕರು. ಮಾತು ಗಗನನೌಕೆಯ ಕಾದಂಬರಿಗೆ ಬಂದಾಗ ಮಾತ್ರ ನಗು ನಿಂತಿತು. ನೌಕೆಯವರೆಲ್ಲ ಪೆಟ್ಟಿಗೆಗಳಲ್ಲಿ ನೂರಾರು ವರ್ಷದ ನಿದ್ರೆಯಲ್ಲಿರುವಾಗ ಒಬ್ಬಳೇ ಎಚ್ಚರವಾಗಿದ್ದು ಕಾಯುವ ಕತೆ ಅದು. ಮತ ಇದಕ್ಕೇ ಎಂದು ಒಮ್ಮತವಾಯಿತು, ಅದೂ ಕೊನೆಯ ಅಧ್ಯಾಯಕ್ಕಾಗಿ. ಕಾವಲಿನವಳು ಖಾಲಿ ಪೆಟ್ಟಿಗೆಯ ಮುಂದೆ ನಿಂತು ಮುಚ್ಚಳ ತಟ್ಟುತ್ತಾಳೆ, ಒಳಗಿನಿಂದ ಯಾರೋ ಮೆಲ್ಲಗೆ ತಟ್ಟುತ್ತಾರೆ, ಅವಳು ಅಲ್ಲೇ ಕೂತು ಕತೆ ಹೇಳತೊಡಗುತ್ತಾಳೆ ಎಂದು ಒಬ್ಬೊಬ್ಬರೂ ನೆನೆದರು.

ಮೂಲೆಯಲ್ಲಿದ್ದ ಓದುವಮ್ಮ ತಲೆ ಎತ್ತಿದರು. ಅಂಥದ್ದೊಂದನ್ನು ಅವರು ಓದಿರಲೇ ಇಲ್ಲ. ಎದ್ದು ಹೋಗಿ ಪುಸ್ತಕ ತೆರೆದರು. ಕಾವಲಿನವಳು ನೌಕೆಯ ನಾಯಕನನ್ನು ಎಬ್ಬಿಸಿ ತಾನು ತನ್ನ ಪೆಟ್ಟಿಗೆಯಲ್ಲಿ ಮಲಗುವಲ್ಲಿಗೆ ಕಾದಂಬರಿ ಮುಗಿದಿತ್ತು. ಮುಂದೆ ಬಿಳಿಯ ಹಾಳೆ.

ಆಗ ನೆನಪಾಯಿತು. ಆ ಮಧ್ಯಾಹ್ನ ನೆಗಡಿಗೆ ಔಷಧ ಕುಡಿದಿದ್ದರು. ಧ್ವನಿಮುದ್ರಣದವನು ಯಂತ್ರವನ್ನು ಓಡಲು ಬಿಟ್ಟು ಮಗಳನ್ನು ಶಾಲೆಯಿಂದ ಕರೆತರಲು ಹೋಗಿದ್ದ. ಕೊನೆಯ ಸಾಲು ಓದಿದ ಮೇಲೆ ಕಣ್ಣು ಒಂದು ಗಳಿಗೆ ಮುಚ್ಚಿದಂತಾಗಿತ್ತು. ಎಚ್ಚತ್ತು ಮುಕ್ತಾಯ ಹೇಳಿ ಎದ್ದಿದ್ದರು. ಆ ಒಂದು ಗಳಿಗೆಯಲ್ಲಿ ಒಂದಿಡೀ ಅಧ್ಯಾಯ ಸೇರಿಕೊಂಡಿತ್ತು.

ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ತಮ್ಮದೇ ದನಿ. ತೊದಲಿಲ್ಲ, ಅಲ್ಪವಿರಾಮ ಪೂರ್ಣವಿರಾಮಗಳೆಲ್ಲ ಬೇಕಾದಲ್ಲೇ ಇದ್ದವು. ನಿದ್ದೆಯಲ್ಲಿದ್ದ ಬಾಯಿ ರೂಢಿಬಲದಿಂದ ಓದುತ್ತ ಹೋಗಿತ್ತು. ಅಷ್ಟಕ್ಕೆ ಅವರು ಹೆದರಲಿಲ್ಲ. ಹೆದರಿಸಿದ್ದು ನಡುನಡುವಿನ ಬಿಡುವುಗಳು. ಪುಟ್ಟ ಪ್ರಶ್ನೆಯೊಂದನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ದನಿ ನಿಲ್ಲುತ್ತಿತ್ತು, ಮತ್ತೆ ಉತ್ತರ ಕೊಟ್ಟಂತೆ ಮುಂದುವರಿಯುತ್ತಿತ್ತು. ಆ ಬಿಡುವು ಯಾರದೆಂದು ಅವರಿಗೆ ಮಾತ್ರ ಗೊತ್ತು. ಚಿಕ್ಕವರಿದ್ದಾಗ ಒಂದೇ ಹೊದಿಕೆಯಡಿ ಮಲಗಿ ಕತೆ ಓದಿಸಿಕೊಂಡ, ಕೊನೆಯ ಕಾಯಿಲೆಯಲ್ಲೂ ಓದಿಸಿಕೊಂಡ ತಂಗಿ ಪ್ರತಿ ಸಾಲಿಗೂ “ಆಮೇಲೆ?” ಎನ್ನುತ್ತಿದ್ದಳು. ಆಕೆ ಹೋಗಿ ವರ್ಷ ಕಳೆದಿತ್ತು. ಗ್ರಂಥಾಲಯದಲ್ಲಿ ಅವಳ ವಿಷಯವನ್ನು ಓದುವಮ್ಮ ಯಾರ ಮುಂದೂ ಎತ್ತಿರಲಿಲ್ಲ. ಬಿಡುವುಗಳಲ್ಲಿ ಮತ್ತೆ ಮತ್ತೆ ಕಿವಿಗೊಟ್ಟರು. ಏನೂ ಕೇಳಿಸಲಿಲ್ಲ.

ಮತ ಕಳಿಸುವ ಮುನ್ನ ಬಳಗದ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದರು. ಪುಸ್ತಕದಲ್ಲಿಲ್ಲದ್ದು ಪುಸ್ತಕದ ಹೆಸರಿನಲ್ಲಿ ಇರಕೂಡದು, ಅಳಿಸಿ ಸರಿಪಡಿಸುತ್ತೇನೆ ಎಂದರು. ಬಳಗದ ಹಿರಿಯರು ಟೆಲಿಫೋನ್ ಯಜಮಾನರು, ಹಿಂದೆ ದೂರವಾಣಿ ಕಚೇರಿಯಲ್ಲಿ ಕರೆ ಜೋಡಿಸುತ್ತಿದ್ದವರು.

“ನಮಗೆ ಗೊತ್ತಿತ್ತು ತಾಯಿ” ಎಂದರು ಅವರು. “ಹಾಳೆ ತಿರುಗಿಸೋ ಸದ್ದೇ ನಿಂತುಹೋಗಿತ್ತಲ್ಲ.”

“ಗೊತ್ತಿದ್ದೂ ಹೇಳಲಿಲ್ವಾ?”

“ಹೇಳಿದ್ರೆ ಅಳಿಸಿಬಿಡ್ತೀರಿ ಅಂತ.” ದನಿ ತಗ್ಗಿಸಿ ಕೇಳಿದರು: “ಬೇಜಾರು ಮಾಡ್ಕೋಬೇಡಿ. ಜೊತೇಲಿದ್ದ ಆ ಹೆಣ್ಣುಮಗಳು ಯಾರು?”

ಇಲ್ಲಿ ಸತ್ಯವನ್ನು ಸರಿಯಾಗಿ ದಾಖಲಿಸಬೇಕು. ಇನ್ನೊಂದು ದನಿ ಕೇಳಿತ್ತೆಂದು ಯಜಮಾನರೂ ಸಂಗೀತದ ಟೀಚರೂ ಹೇಳಿದರು. ಉಳಿದವರಿಗೆ ಕೇಳಿರಲಿಲ್ಲ. ಸದ್ದಿನ ಮಟ್ಟ ತೋರಿಸುವ ಯಂತ್ರದ ಮುಳ್ಳು ಆ ಬಿಡುವುಗಳಲ್ಲಿ ಅಲುಗುತ್ತಿರಲಿಲ್ಲ ಎಂದು ಧ್ವನಿಮುದ್ರಣದವನು ಪ್ರಮಾಣ ಮಾಡಿ ಹೇಳುತ್ತಾನೆ.

ಅಳಿಸದಿದ್ದರೆ ಪುಸ್ತಕದಲ್ಲಿಲ್ಲದ್ದನ್ನು ಓದೆನೆಂದು ಓದುವಮ್ಮ ಬದುಕಿಡೀ ಕಾಯ್ದ ಮಾತು ಹೋಗುತ್ತದೆ. ಅಳಿಸಿದರೆ ತಮ್ಮ ಕಿವಿಗೆ ಕೇಳದಿದ್ದರೂ ತಂಗಿ ಉಳಿದಿರುವ ಒಂದೇ ಜಾಗ ಹೋಗುತ್ತದೆ. ಕಡೆಗೆ ಯಜಮಾನರ ಕೈಹಿಡಿದು ಯಂತ್ರದ ಮುಂದೆ ಕೂರಿಸಿದರು, ಹೆಡ್‌ಫೋನನ್ನು ಅವರ ಕಿವಿಗಿಟ್ಟರು. ಅವಳು ಅನ್ನುವುದನ್ನು ಅಂದ ಹಾಗೆಯೇ ಹೇಳಿ, ಒಂದು ಅಕ್ಷರ ಸೇರಿಸಬೇಡಿ ಎಂದು ಕೇಳಿಕೊಂಡರು. ಯಂತ್ರ ಓಡಿತು. ಯಜಮಾನರು ಕರೆ ಜೋಡಿಸುವವರ ಹಳೆಯ ಸಪಾಟು ದನಿಯಲ್ಲಿ ಒಪ್ಪಿಸುತ್ತ ಹೋದರು.

“ಆಮೇಲೆ, ಅಂತಾಳೆ.” ಸ್ವಲ್ಪ ಹೊತ್ತಿಗೆ, “ಮತ್ತೆ, ಆಮೇಲೆ.”

ಓದುವಮ್ಮ ಅವರ ತುಟಿಗಳನ್ನೇ ನೋಡುತ್ತ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದರು. ಬೆರಳು ಬಗ್ಗಲಿಲ್ಲ. ಕೊನೆಯ ಬಿಡುವಿನಲ್ಲಿ ಯಜಮಾನರು ತಲೆ ಓರೆ ಮಾಡಿದರು.

“ಈಗ ಬೇರೆ ಏನೋ ಅಂತಾಳೆ.”

“ಏನಂತಾಳೆ?”

“ಸಾಕು ಅಕ್ಕ, ನಿದ್ದೆ ಬಂತು. ಹಾಗಂತಾಳೆ.”

ಓದುವಮ್ಮ ಗುಂಡಿ ಒತ್ತಿದರು.