ದೋಸೆ ಮಾಸ್ಟರ ಪಿಜ್ಜಾ ಒಲೆ

ಗ್ಯಾಸಿನ ಪಿಜ್ಜಾ ಒಲೆ ಕೊಳ್ಳಬಹುದೇ ಎಂದು ಈಗಲೂ ಒಬ್ಬಿಬ್ಬರು ನನ್ನನ್ನು ಕೇಳುತ್ತಾರೆ. ನಮ್ಮ ಬೀದಿಯಲ್ಲಿ ಅದನ್ನು ಕೊಂಡ ಏಕೈಕ ಮಹಾನುಭಾವ ನಾನೇ ತಾನೆ! ಅದರಲ್ಲೂ ಅಗ್ಗದ್ದನ್ನು ಕೊಂಡವನು. "ಕೊಳ್ಳಿ ಮಾರಾಯ್ರೆ, ಮನೆಯಲ್ಲಿ ಬೇರೆ ಒಲೆ ಇದ್ರೆ ಮಾತ್ರ ಕೊಳ್ಳಿ" ಅನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ.

ಮದರಾಸಿನ ಪೆರಂಬೂರಿನ ಒಂದು ಉಡುಪಿ ಹೋಟೆಲಿನಲ್ಲಿ ನಾನು ದೋಸೆ ಮಾಸ್ಟರು. ಮೂವತ್ತು ವರ್ಷ ದಾಟಿತು. ಬೆಳಿಗ್ಗೆ ರೈಲ್ವೆ ವರ್ಕ್‌ಶಾಪಿಗೆ ಹೋಗುವ ಜನ ಸೈರನ್ ಆಗುವ ಮೊದಲು ತಿಂಡಿ ಮುಗಿಸಬೇಕು. ಅವರ ಅವಸರವೆಲ್ಲ ಬಂದು ಬೀಳುವುದು ನನ್ನ ಕಾವಲಿಯ ಮೇಲೆ. ಒಂದೇ ಸಲಕ್ಕೆ ಎಂಟು ದೋಸೆ ಹೊಯ್ದು ಎಂಟನ್ನೂ ಒಂದೇ ಬಣ್ಣಕ್ಕೆ ತೆಗೆಯುತ್ತೇನೆ. ಧಣಿಗಳು ಎರಡು ಸಲ ಬದಲಾದರು, ಕಾವಲಿಯ ಮುಂದೆ ನಿಂತವನು ಬದಲಾಗಲಿಲ್ಲ. ಇದು ಜಂಬ ಅನ್ನುತ್ತೀರಾ? ಹೌದು, ಜಂಬವೇ.

ನನ್ನ ಈ ಜಂಬಕ್ಕೆ ಮನೆಯಲ್ಲಿ ಕಾಸಿನ ಬೆಲೆ ಇರಲಿಲ್ಲ. ಒಬ್ಬಳೇ ಮಗಳು, ಕಾಲೇಜಿನ ಕೊನೆಯ ವರ್ಷ. ನಾವು ಕನ್ನಡದಲ್ಲಿ ಮಾತಾಡಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲಿ. ಒಂದು ಸಂಜೆ ಫೋನಿನಲ್ಲಿ ಯಾರೋ ಅವಳ ಅಪ್ಪ ಏನು ಮಾಡುತ್ತಾರೆಂದು ಕೇಳಿರಬೇಕು. ನಾನು ಪಕ್ಕದ ಕೋಣೆಯಲ್ಲೇ ಕಾಫಿ ಕುಡಿಯುತ್ತಿದ್ದೆ. "ಫುಡ್ ಇಂಡಸ್ಟ್ರಿ" ಎಂದಳು, ಗಂಟಲು ಸರಿಮಾಡಿಕೊಂಡು.

ಇಂಡಸ್ಟ್ರಿ! ಪಂಚೆ ಮೇಲೆ ಕಟ್ಟಿ, ಹೆಗಲಿಗೊಂದು ಬೈರಾಸು ಹಾಕಿ, ಬೆವರು ಒರೆಸಿಕೊಳ್ಳುತ್ತ ನಿಂತ ಇಂಡಸ್ಟ್ರಿ! ನಾನು ಹೆಂಡತಿಯ ಹತ್ತಿರ ಹೇಳಿಕೊಂಡು ಕುದಿದೆ. ಅವಳು ಬೀನ್ಸ್ ಮುರಿಯುತ್ತ, "ಅದ್ರಲ್ಲಿ ಸುಳ್ಳೆಂತ ಉಂಟು? ದೋಸೆ ಫುಡ್ ಅಲ್ವಾ?" ಎಂದಳು. ಇಂಥವಳೊಂದಿಗೆ ಜಗಳವಾಡಿ ಗೆದ್ದವರುಂಟೇ?

ಅಷ್ಟರಲ್ಲಿ ಮಗಳ ಹುಟ್ಟುಹಬ್ಬ ಹತ್ತಿರ ಬಂತು. ಕಾಲೇಜಿನ ನಾಲ್ಕು ವರ್ಷದಲ್ಲಿ ಮೊದಲ ಸಲ ಗೆಳೆಯ ಗೆಳತಿಯರನ್ನು ಮನೆಗೆ ಕರೆಯುತ್ತೇನೆಂದಳು. ಮನೆಗೆ ಅಂದರೆ ಮನೆಯೊಳಗಲ್ಲ, ಟೆರೇಸಿಗೆ. ಅಲ್ಲಿ ಬಯಲಿನಲ್ಲಿ ಪಿಜ್ಜಾ ಸುಡುವ ಸಣ್ಣ ಗ್ಯಾಸ್ ಒಲೆ ಇಟ್ಟರೆ ಚೆನ್ನಾಗಿರುತ್ತದೆಂದು ಫೋನಿನಲ್ಲಿ ವಿಡಿಯೊ ತೋರಿಸಿದಳು. ನಾನು ಎರಡು ಸಲ ಯೋಚಿಸಲಿಲ್ಲ. ಬೆಂಕಿಯ ಮುಂದೆ ನಾನು ಹೇಗೆ ನಿಲ್ಲುತ್ತೇನೆಂದು ಆ ಮಕ್ಕಳು ನೋಡಲಿ, ಇವಳು ಅವರ ಮುಂದೆ ಬಾಯಿಬಿಟ್ಟು "ಇವರು ನನ್ನ ಅಪ್ಪ" ಅನ್ನಲಿ. ನನಗೆ ಬೇಕಿದ್ದದ್ದು ಅಷ್ಟೇ. ಆ ಒಂದು ಮಾತಿಗಾಗಿ ಒಲೆ ತರಿಸಿದೆ.

ಬಂತು ನೋಡಿ, ಕೊಂಡು ತಂದ ದೆವ್ವ! ಅದಕ್ಕೆ ಮಡಚುವ ನಾಲ್ಕು ಕಾಲು. ಅದರಲ್ಲಿ ಒಂದಕ್ಕೆ ಸದಾ ಅಲ್ಲಾಡುವ ಚಟ, ಅಡಿಗೆ ರಟ್ಟಿನ ಚೂರು ಕೊಟ್ಟು ಸಮಾಧಾನ ಮಾಡಬೇಕು. ಅದರ ಜೊತೆ ಬಂದ ರೆಗ್ಯುಲೇಟರು ಯಾವ ದೇಶದ ಸಿಲಿಂಡರಿನದೋ, ನಮ್ಮದಕ್ಕೆ ಕೂರಲೇ ಇಲ್ಲ. ಸ್ಟೌ ರಿಪೇರಿಯವನು ತಲೆ ಕೆರೆದುಕೊಂಡು ಬೇರೆ ಪೈಪು, ಬೇರೆ ರೆಗ್ಯುಲೇಟರು ಹಾಕಿಕೊಟ್ಟ. ಸಂಜೆ ಸಮುದ್ರದ ಗಾಳಿ ಶುರುವಾಯಿತೋ, ಉರಿ ಪುಸಕ್ಕನೆ ಆರಿಹೋಗುತ್ತಿತ್ತು. ಕೊನೆಗೆ ಹೆಂಡತಿ ಗಾಳಿಗೆ ಅಡ್ಡವಾಗಿ ಕೊಡೆ ಬಿಚ್ಚಿ ನಿಂತಳು. ಮೋಡವಿಲ್ಲದ ಮದರಾಸಿನಲ್ಲಿ ಕೊಡೆ ಹಿಡಿದು ನಿಂತವಳನ್ನು ಎದುರಿನ ಟೆರೇಸಿನವರೆಲ್ಲ ಬಟ್ಟೆ ಒಣಗಿಸುವುದು ಬಿಟ್ಟು ನೋಡಿದರು.

ಒಂದೇ ನಿಮಿಷದಲ್ಲಿ ಪಿಜ್ಜಾ ಬೇಯುತ್ತದೆಂದು ಡಬ್ಬದ ಮೇಲೆ ಬರೆದಿತ್ತು. ಅದು ಪೂರ್ತಿ ಸುಳ್ಳಲ್ಲ. ಹಿಂಬದಿ ಒಂದು ನಿಮಿಷಕ್ಕೆ ಬೇಯುತ್ತದೆ, ಎರಡು ನಿಮಿಷಕ್ಕೆ ಇದ್ದಿಲಾಗುತ್ತದೆ, ಮುಂಬದಿ ಆಗಲೂ ಹಸಿ ಹಿಟ್ಟಾಗಿಯೇ ಇರುತ್ತದೆ. ಒಲೆಯನ್ನೂ ಅದನ್ನು ಮಾಡಿದವನನ್ನೂ ನಾನು ಬೈಯುತ್ತಿದ್ದರೆ ಹೆಂಡತಿ ಕೊಡೆಯ ಹಿಂದಿನಿಂದ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು. ನನಗೆ ರೋಷ ಬಂತು. ಇಪ್ಪತ್ತು ನಿಮಿಷ ಒಲೆ ಕಾಯಿಸಿದೆ, ಉರಿ ತಗ್ಗಿಸಿದೆ, ಪಿಜ್ಜಾ ಹಾಕಿ ಬಿಡದೆ ತಿರುಗಿಸುತ್ತಲೇ ಇದ್ದೆ. ನಾಲ್ಕನೆಯದು ಅಂಚು ಉಬ್ಬಿ, ಅಲ್ಲಲ್ಲಿ ಚುಕ್ಕೆ ಬಿದ್ದು, ನನಗೇ ಬಾಯಲ್ಲಿ ನೀರು ಬರುವ ಹಾಗೆ ಬಂತು. ಇದ್ದದ್ದು ಇದ್ದ ಹಾಗೆ ಹೇಳಬೇಕು: ಒಲೆ ಕೆಟ್ಟದ್ದಲ್ಲ. ಅದಕ್ಕೆ ಒಬ್ಬ ಆಳನ್ನು ಪೂರ್ತಿ ಒಪ್ಪಿಸಿಬಿಡಬೇಕು, ಅಷ್ಟೇ.

ಮಗಳು ಒಲೆಯ ಜೊತೆ ಬಂದ ಪುಸ್ತಕ ಓದಿ ತಮಿಳಿನಲ್ಲಿ ಒಂದು ಎಚ್ಚರಿಕೆ ಹೇಳಿದ್ದಳು. ಒಳಗಿರುವುದು ಕಬ್ಬಿಣವಲ್ಲ, ಕಲ್ಲಿನ ಹಲಗೆ. ಅದಕ್ಕೆ ಎಣ್ಣೆ ಮುಟ್ಟಿಸಬಾರದು, ಕಾದಾಗ ಒಂದು ಹನಿ ನೀರೂ ಬೀಳಬಾರದು. "ಬೆಂಕಿಯ ವಿಷಯ ನನಗೆ ಕಲಿಸ್ತೀಯಾ?" ಎಂದಿದ್ದೆ.

ಹುಟ್ಟುಹಬ್ಬದ ದಿನ, ಭಾನುವಾರ, ಸಂಜೆ ಐದು ಗಂಟೆಗೆ ಆರು ಜನ ಬಂದರು. ಹೆಂಡತಿ ಕೆಳಗೆ ಪಾಯಸ ಕಾಯಿಸುತ್ತಿದ್ದಳು. ಅಂದು ಗಾಳಿಗೆ ಅಡ್ಡವಾಗಿ ಹಳೆಯ ತಗಡು ನಿಲ್ಲಿಸಿದ್ದೆ. ಹೊಸ ಅಂಗಿ ಹಾಕಿಕೊಂಡಿದ್ದೆ, ಪಂಚೆ ಮಾತ್ರ ಅಭ್ಯಾಸಬಲದಿಂದ ಮೇಲೆ ಕಟ್ಟಿತ್ತು, ಬೈರಾಸು ಹೆಗಲಿಗೆ ಬಂದು ಕೂತಿತ್ತು. ಮಕ್ಕಳು ನನಗೆ ನಮಸ್ಕಾರ ಹೇಳಬೇಕೋ ಬೇಡವೋ ಎಂದು ನಿಂತರು. ಕನ್ನಡಕದ ಹುಡುಗಿಯೊಬ್ಬಳು ಮಗಳ ಕಿವಿಯಲ್ಲಿ, "ಇವರ್ ಯಾರುಡಿ?" ಎಂದು ಕೇಳಿದಳು.

ಮಗಳು ನನ್ನ ಪಂಚೆ ನೋಡಿದಳು. ಆಮೇಲೆ ಬೇರೆ ಕಡೆ ನೋಡಿದಳು. "ಕೇಟರಿಂಗ್ ಅಣ್ಣ" ಎಂದಳು.

ನನಗೆ ಸಂಕಟವಾಯಿತು, ಸಿಟ್ಟು ಬಂತು. ಇಳಿದು ಹೋಗಿಬಿಡಲೇ ಅನ್ನಿಸಿತು. ಆದರೆ ಗಿರಾಕಿ ಕೂತಾಗ ಕಾವಲಿ ಬಿಟ್ಟು ಹೋಗುವ ಜಾತಿಯವನಲ್ಲ ನಾನು. "ಕೂತ್ಕೊಳ್ಳಿ, ಆಯ್ತು, ಈಗ ಬಂತು" ಎಂದು ತಮಿಳಿನಲ್ಲೇ ಅಂದೆ. ಮೊದಲ ಎರಡು ಪಿಜ್ಜಾ ಸರಿಯಾಗಿಯೇ ಬಂದವು. "ಸೂಪರ್ ಅಣ್ಣಾ!" ಎಂದು ಅವರು ಕೂಗಿದರು. ಮಗಳು ನನಗೆ ಬೆನ್ನು ಹಾಕಿ ತಟ್ಟೆ ಹಂಚಿದಳು.

ಸಿಟ್ಟು ಬಂದಾಗ ನನ್ನ ಕೈ ತಲೆಯ ಮಾತು ಕೇಳುವುದಿಲ್ಲ. ಹೋಟೆಲಿನಲ್ಲಿ ಒಂದು ಸಾಲು ದೋಸೆ ತೆಗೆದ ಮೇಲೆ ಮಾಡುವ ಕೆಲಸ ಒಂದೇ. ಕಾವಲಿಯ ಮೇಲೆ ನೀರು ಚಿಮುಕಿಸಬೇಕು, ಹಿಡಿಸೂಡಿಯಿಂದ ಗುಡಿಸಬೇಕು, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಬೇಕು. ದಿನಕ್ಕೆ ಎಷ್ಟು ಸಲವೋ, ಮೂವತ್ತು ವರ್ಷಕ್ಕೆ ಎಷ್ಟು ಸಲವೋ! ಎರಡನೆಯ ಪಿಜ್ಜಾದಿಂದ ಜಾರಿದ ಚೀಸು ಕಲ್ಲಿಗೆ ಅಂಟಿ ಹೊಗೆಯಾಡುತ್ತಿತ್ತು. ಪಕ್ಕದಲ್ಲಿ ಹೆಂಡತಿ ಹೆಚ್ಚಿಟ್ಟ ಈರುಳ್ಳಿಯಲ್ಲಿ ಒಂದು ಅರ್ಧ ಹೋಳು ಉಳಿದಿತ್ತು, ಎಣ್ಣೆಯ ಬಟ್ಟಲಿತ್ತು, ಚೊಂಬಿನಲ್ಲಿ ನೀರಿತ್ತು. ಈರುಳ್ಳಿಯನ್ನು ಎಣ್ಣೆಗೆ ಅದ್ದಿ, ಇಕ್ಕಳದಲ್ಲಿ ಹಿಡಿದು ಕಲ್ಲಿಗೆ ಉಜ್ಜಿದೆ. ಎಡಗೈಯಿಂದ ನೀರು ಎರಚಿದೆ.

ಠಳ್ ಎಂದಿತು ಕಲ್ಲು! ಎರಡು ಹೋಳು. ಅದರ ಹಿಂದೆಯೇ ಎಣ್ಣೆ ಭಗ್ಗನೆ ಹತ್ತಿಕೊಂಡು ಒಲೆಯ ಬಾಯಿಂದ ನನ್ನ ಮೊಣಕೈವರೆಗೆ ಉರಿ ಬಂತು.

"ಅಪ್ಪಾ! ಅಪ್ಪಾ, ಹಿಂದೆ ಬನ್ನಿ! ಕೈ ಸುಡ್ತದೆ, ಬಿಡಿ ಅದನ್ನ!"

ಮಗಳು ಕಿರುಚಿದ್ದು ಕನ್ನಡದಲ್ಲಿ. ಅವಳ ಬಾಯಿಂದ ಅಷ್ಟು ಕನ್ನಡ ಒಟ್ಟಿಗೆ ಬಂದದ್ದನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತೋ! ನಾನು ಸಿಲಿಂಡರು ಬಂದ್ ಮಾಡುವಷ್ಟರಲ್ಲಿ ಓಡಿ ಬಂದವಳೇ ನನ್ನ ಕೈಯನ್ನು ಎಳೆದುಕೊಂಡು, ತಂಪು ಪಾನೀಯದ ಬಾಟಲಿಗಳನ್ನು ಇಟ್ಟಿದ್ದ ಐಸಿನ ಬಕೆಟ್ಟಿಗೆ ಅದ್ದಿದಳು. ಆರು ಜನರೂ ಪಿಜ್ಜಾ ಕೈಯಲ್ಲಿ ಹಿಡಿದು ಎದ್ದು ನಿಂತಿದ್ದರು. ಕನ್ನಡಕದ ಹುಡುಗಿ ಮೆಲ್ಲಗೆ, "ಅಪ್ಪಾವಾ?" ಎಂದಳು.

ಆ ಪ್ರಶ್ನೆ ನನ್ನನ್ನು ಕೇಳಿದ್ದಲ್ಲ.

ಮಗಳು ಬಕೆಟ್ಟಿನಿಂದ ತಲೆ ಎತ್ತದೆ ತಮಿಳಿನಲ್ಲಿ ಹೇಳಿದಳು: ಇವರು ನನ್ನ ಅಪ್ಪ. ಹೋಟೆಲಿನಲ್ಲಿ ದೋಸೆ ಮಾಸ್ಟರು. ಆಗ ನಾನು ಸುಳ್ಳು ಹೇಳಿದೆ. ಐಸಿನೊಳಗೆ ನನ್ನ ಕೈಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು, "ತುಂಬ ಉರೀತದಾ ಅಪ್ಪಾ?" ಎಂದು ಕೇಳಿದಳು.

ನಿಜ ಹೇಳಬೇಕೆಂದರೆ ಏನೂ ಆಗಿರಲಿಲ್ಲ. ಮೂವತ್ತು ವರ್ಷ ಕಾವಲಿಯ ಮೇಲೆ ಆಡಿದ ಕೈ, ನಾಲ್ಕು ರೋಮ ಸುಟ್ಟಿದ್ದವು ಅಷ್ಟೇ. "ಸ್ವಲ್ಪ ಉರೀತದೆ ಮಗಾ" ಎಂದೆ, ಕೈ ತೆಗೆಯಲಿಲ್ಲ.