ದುಖಾನ್ ಕಡಲಿಗೆ ಒಂದು ಪಾಸು

ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಕತಾರಿನ ಅಲ್ ವಕ್ರಾ ಬಿಟ್ಟೆವು. ಕಾರಿನಲ್ಲಿ ಇಬ್ಬರೇ, ನಾನು ಮತ್ತು ನನ್ನ ತಮ್ಮ ಹರೀಶ. ಡಿಕ್ಕಿಯಲ್ಲಿ ಪಕ್ಕದ ಫ್ಲ್ಯಾಟಿನವರಿಂದ ಕೇಳಿ ತಂದ ಗಾಲಿಕುರ್ಚಿ, ಹಿಂದಿನ ಸೀಟಿನಲ್ಲಿ ಹರೀಶನ ಹೆಂಡತಿ ವನಿತಾ ಕಟ್ಟಿಕೊಟ್ಟ ಬನ್ಸ್, ಒಂದು ಫ್ಲಾಸ್ಕು ಬಿಸಿನೀರು, ನನಗೊಂದು ಜೊತೆ ಒಣಬಟ್ಟೆ. ಹರೀಶ ಹಮದ್ ಬಂದರಿನ ಸರಕು ಸಾಗಣೆ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದ್ದಾನೆ. ಆ ಒಂದು ದಿನಕ್ಕೆ ರಜೆ ಹಾಕಿದ್ದ. ಶುಕ್ರವಾರ ನನ್ನ ವಿಮಾನ. ಈ ಬುಧವಾರ ತಪ್ಪಿದರೆ ತಪ್ಪಿತು.

ತಪ್ಪುವುದು ಏನು ಎಂದರೆ, ಸಮುದ್ರ. ನಗಬೇಡಿ. ಉಡುಪಿ ಜಿಲ್ಲೆಯಲ್ಲಿ ಕಡಲಿನಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ಹುಟ್ಟಿ ಬೆಳೆದವಳು ನಾನು. ಅರವತ್ತೆರಡು ವರ್ಷದಲ್ಲಿ ಒಂದು ಸಲವೂ ಕಡಲಿಗೆ ಇಳಿದಿಲ್ಲ. ಎರಡನೇ ವಯಸ್ಸಿನಲ್ಲಿ ಪೋಲಿಯೋ ಬಂದು ಎಡಗಾಲು ಸೊರಗಿತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಸರಳು, ಚರ್ಮದ ಪಟ್ಟಿಯ ಕ್ಯಾಲಿಪರ್. ಉಪ್ಪುನೀರು ತಾಗಿದರೆ ಅದು ತುಕ್ಕು ಹಿಡಿಯುತ್ತದೆ, ಒದ್ದೆ ಮರಳಿನಲ್ಲಿ ಊರುಗೋಲು ಹೂತುಹೋಗುತ್ತದೆ. ಹಾಗಾಗಿ ಮನೆಮಂದಿ ನೀರಿಗಿಳಿದಾಗಲೆಲ್ಲ ಕಟ್ಟೆಯ ಮೇಲೆ ಕೂತು ಅವರ ಚಪ್ಪಲಿ, ಚೀಲ ಕಾಯುವ ಉದ್ಯೋಗ ನನ್ನದು. "ಪಾಪ, ಸುಶೀಲ ಇದ್ದಾಳಲ್ಲ, ನೋಡಿಕೊಳ್ತಾಳೆ" ಎನ್ನುತ್ತಿದ್ದರು. ಆ ಪಾಪ ಎಂಬ ಶಬ್ದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ದುಖಾನ್ ಕಡೆಯ ಒಂದು ತೀರದಲ್ಲಿ ನೀರಿನವರೆಗೆ ಚಾಪೆಯಂಥ ದಾರಿ ಹಾಸಿದ್ದಾರೆ, ಬಲೂನಿನಂಥ ದಪ್ಪ ಚಕ್ರದ ಕುರ್ಚಿಯಲ್ಲಿ ಕೂರಿಸಿ ಸಮುದ್ರದೊಳಗೇ ಕರೆದುಕೊಂಡು ಹೋಗುತ್ತಾರೆ ಎಂದು ಹರೀಶ ಫೋನಿನಲ್ಲಿ ಹೇಳಿದ್ದ. ಅರವತ್ತು ದಾಟಿದವರಿಗೂ ಅಂಗವಿಕಲರಿಗೂ ಅರ್ಧ ದರದ ಪಾಸು. ಹೊರದೇಶದಿಂದ ಬಂದವರಿಗೂ ಉಂಟು. ನಾನು ಮೂರೂ ಹೌದು. ಪಾಸು ತೋರಿಸಿದವರಿಗೆ ಮಾತ್ರ ಕುರ್ಚಿ. ನಾನು ಕತಾರಿಗೆ ಟಿಕೆಟು ಮಾಡಿಸಿದ್ದು ತಮ್ಮನ ಮೇಲಿನ ಪ್ರೀತಿಗೆ ಎಂದು ವನಿತಾ ನಂಬಿದ್ದಾಳೆ. ಅರ್ಧ ಅದೂ ಹೌದು.

ಅರ್ಜಿಯನ್ನು ಮೊಬೈಲಿನಲ್ಲೇ ಹಾಕಬಹುದಿತ್ತು. ಹರೀಶ ಹೇಳಿಯೂ ಹೇಳಿದ. ನಾನೇ ಒಪ್ಪಲಿಲ್ಲ. ಮೂವತ್ತೈದು ವರ್ಷ ಅಂಚೆ ಕಚೇರಿಯ ಕೌಂಟರಿನ ಆಚೆ ಕೂತವಳಿಗೆ ಕಾಗದದ ಮೇಲೆ ಮುದ್ರೆ ಬೀಳದೆ ಸಮಾಧಾನವಿಲ್ಲ. ಹಾಗಾಗಿ ಮೊದಲು ದೋಹಾದ ಅಂಚಿನ ಮಾಲ್ ಒಂದರಲ್ಲಿದ್ದ ಸೇವಾ ಕೇಂದ್ರಕ್ಕೆ ಹೋದೆವು. ಎಂಟೂವರೆಗೆ ಬಾಗಿಲು ತೆರೆಯಿತು. ಒಳಗೆ ಎಸಿಯ ಚಳಿ, ಮೆತ್ತನೆಯ ಸೋಫಾಗಳು, ಟೋಕನ್ ಯಂತ್ರ. ಹತ್ತು ನಿಮಿಷದಲ್ಲಿ ನಮ್ಮ ಸಂಖ್ಯೆ ಬಂತು. ಅಲ್ಲಿಯವರೆಗೆ ನನಗೆ ಖುಷಿಯೇ.

ಕೌಂಟರಿನಲ್ಲಿದ್ದ ನಡುವಯಸ್ಸಿನ ಮನುಷ್ಯ ಯಾವ ದೇಶದವನೋ ತಿಳಿಯಲಿಲ್ಲ. ನನಗೆ ಅರಬಿ ಬಾರದು, ಅವನಿಗೆ ಹಿಂದಿ ಬಾರದು, ನಡುವೆ ಇಬ್ಬರದೂ ಮುರುಕು ಇಂಗ್ಲಿಷ್. ನಾನು ನನ್ನ ಪಾಸ್‌ಪೋರ್ಟ್, ಊರಿನ ಅಂಗವಿಕಲರ ಗುರುತಿನ ಕಾರ್ಡು ಮುಂದಿಟ್ಟೆ. ಅವನು ಅವನ್ನು ತೆಗೆದುಕೊಂಡು ಹರೀಶನ ಮುಖ ನೋಡಿದ.

"ಇವರಿಗೆ ವಯಸ್ಸೆಷ್ಟು?"

"ಅರವತ್ತೆರಡು" ಎಂದೆ ನಾನು.

"ನಡೆಯುತ್ತಾರಾ?" ಮತ್ತೆ ಹರೀಶನಿಗೇ.

"ಬಾಗಿಲಿನಿಂದ ಇಲ್ಲಿಯವರೆಗೆ ನಡೆದೇ ಬಂದದ್ದು" ಎಂದೆ.

"ಹೇಳಿದ್ದು ಅರ್ಥವಾಗುತ್ತದಾ ಇವರಿಗೆ?"

ಸೊರಗಿದ್ದು ನನ್ನ ಕಾಲು, ತಲೆಯಲ್ಲ. ಬಸ್ಸಿನ ಕಂಡಕ್ಟರ್, ಆಸ್ಪತ್ರೆಯ ನರ್ಸು, ವಿಮಾನ ನಿಲ್ದಾಣದಲ್ಲಿ ಕುರ್ಚಿ ತಳ್ಳುವವರು, ಎಲ್ಲರದೂ ಇದೇ ಚಾಳಿ. ನನ್ನನ್ನು ದಾಟಿ ಹಿಂದೆ ನಿಂತವರನ್ನು ಕೇಳುತ್ತಾರೆ. ಹರೀಶ ಉತ್ತರ ಕೊಡಲು ಬಾಯಿ ತೆರೆದದ್ದು ಕಂಡು ನನ್ನ ಪಿತ್ತ ನೆತ್ತಿಗೇರಿತು.

"ಹರೀಶ, ನೀನು ಹೋಗಿ ಕಾರಿನಲ್ಲಿ ಕೂತ್ಕೋ. ನನ್ನ ಅರ್ಜಿ ನಾನು ಕೊಡ್ತೇನೆ."

"ಅಕ್ಕ, ಸುಮ್ಮನೆ ಗಲಾಟೆ ಎಂತಕ್ಕೆ ಮಾರಾಯ್ತಿ? ಎರಡು ನಿಮಿಷದ ಕೆಲಸ."

"ಎರಡು ನಿಮಿಷದ್ದೇ ಆದ್ರೆ ನಾನೇ ಮಾಡ್ತೇನೆ. ಹೋಗು."

ಅವನು ಹೋದ. ನಾನು ಅರ್ಜಿ ತುಂಬಿದೆ. ಒಂದು ಕಡೆ ಕಂಪ್ಯಾನಿಯನ್ ಎಂದಿತ್ತು: ಜೊತೆಗಿರುವವರ ಹೆಸರು, ಗುರುತಿನ ಸಂಖ್ಯೆ, ಸಂಬಂಧ. ಕೆಳಗೆ ಸಣ್ಣ ಅಕ್ಷರದಲ್ಲಿ, ಪಾಸು ಕಂಪ್ಯಾನಿಯನ್ ಹೆಸರಿನಲ್ಲಿ ಬರುತ್ತದೆ, ಅಂಗವಿಕಲರ ಹೆಸರು ಅದರಡಿಯಲ್ಲಿ ಇರುತ್ತದೆ ಎಂದು ಬರೆದಿತ್ತು. ಮೂರು ಸಲ ಓದಿದೆ. ಕಾಲು ನನ್ನದು, ವಯಸ್ಸು ನನ್ನದು, ಪಾಸು ಇನ್ನೊಬ್ಬರ ಹೆಸರಿಗೆ! ಆ ಮೂರೂ ಜಾಗಕ್ಕೆ ಉದ್ದಕ್ಕೆ ಒಂದು ಗೆರೆ ಎಳೆದು ಕೊಟ್ಟೆ.

ಅವನು ಗೆರೆಯ ಮೇಲೆ ಬೆರಳಿಟ್ಟ. ತಲೆ ಆಡಿಸಿದ. ನಿಧಾನವಾಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ ಹೇಳಿದ: "ಕಂಪ್ಯಾನಿಯನ್ ಮಾಫಿ, ಕಾರ್ಡ್ ಮಾಫಿ."

ನನಗೆ ನಂಬಲಿಕ್ಕಾಗಲಿಲ್ಲ. ಬಡ್ಡಿ ಮಾಫಿ, ದಂಡ ಮಾಫಿ, ಶುಲ್ಕ ಮಾಫಿ ಎಂದು ಎಷ್ಟು ಸುತ್ತೋಲೆ ಓದಿದವಳು ನಾನು! ಕಂಪ್ಯಾನಿಯನ್ ಬೇಕೆಂಬ ನಿಯಮವೂ ಮಾಫಿ, ಕಾರ್ಡಿನ ಶುಲ್ಕವೂ ಮಾಫಿ. ಅರ್ಧ ದರ ಕೇಳಲು ಬಂದರೆ ಪೂರ್ತಿ ಬಿಟ್ಟುಕೊಟ್ಟಿದ್ದಾನೆ. ಅಷ್ಟು ಹೊತ್ತು ಮನಸ್ಸಿನಲ್ಲೇ ಅವನನ್ನು ಬೈದದ್ದಕ್ಕೆ ನಾಚಿಕೆಯಾಯಿತು. ಅವನು ಅರ್ಜಿಯ ಮೇಲೆ ಅರಬಿಯಲ್ಲಿ ದೊಡ್ಡದೊಂದು ಮುದ್ರೆ ಒತ್ತಿ, ಪಾಸ್‌ಪೋರ್ಟ್, ಗುರುತಿನ ಕಾರ್ಡಿನ ಜೊತೆ ಹಿಂದಕ್ಕೆ ಕೊಟ್ಟ. ನಾನು ಕೈ ಮುಗಿದೆ. ಅವನು ಸ್ವಲ್ಪ ಗಾಬರಿಯಾದಂತೆ ಕಂಡ. ಹಿಂದಿನಿಂದ ಒಂದೆರಡು ಸಲ ಮ್ಯಾಡಮ್, ಮ್ಯಾಡಮ್ ಎಂದದ್ದು ಕೇಳಿಸಿತು, ತಿರುಗಿ ಕೈಬೀಸಿ ಹೊರಗೆ ಬಂದೆ.

"ಆಯ್ತಾ?" ಎಂದ ಹರೀಶ.

"ಆಯ್ತು. ಎಲ್ಲ ಮಾಫಿ ಮಾಡಿದ."

"ಹೌದಾ? ನೀನು ಜೋರಿದ್ದಿ ಮಾರಾಯ್ತಿ!" ಎಂದು ಅವನು ಮುದ್ರೆ ನೋಡಿದ. ಅರಬಿಯಲ್ಲಿ ಬಂದರಿನ ಕೆಲಸಕ್ಕೆ ಬೇಕಾದಷ್ಟು ಮಾತಾಡುತ್ತಾನೆ, ಓದಲಿಕ್ಕೆ ಒಂದಕ್ಷರ ಬಾರದು. ಕಾರು ಹೊರಟಿತು.

ಅಲ್ಲಿಂದ ಪಶ್ಚಿಮಕ್ಕೆ ಎಂಬತ್ತು ಕಿಲೋಮೀಟರ್ ಚಿಲ್ಲರೆ. ಊರು ಮುಗಿಯುವ ಮೊದಲು ರಸ್ತೆ ಬದಿಯ ಚಾ ಅಂಗಡಿಯೊಂದರ ಮುಂದೆ ಹರೀಶ ಹಾರ್ನ್ ಹೊಡೆದ. ಇಳಿಯಬೇಕಿಲ್ಲ, ಏಲಕ್ಕಿ ಹಾಕಿ ಕುದಿಸಿದ ಕರಕ್ ಚಾ ಕಾರಿನ ಕಿಟಕಿಗೇ ಬಂತು. ಬನ್ಸ್ ತಣ್ಣಗಾಗಿದ್ದರೂ ಚಾಕ್ಕೆ ಒಳ್ಳೆಯ ಜೊತೆ. ಆಮೇಲೆ ಎರಡೂ ಕಡೆ ಬರೀ ಬಯಲು. ಮರಳು ಎಂದರೆ ರಾಶಿ ರಾಶಿ ಗುಡ್ಡೆ ಎಂದುಕೊಂಡಿದ್ದೆ, ಇಲ್ಲಿ ಕಲ್ಲುಪುಡಿ ಹರಡಿದಂತೆ ಚಪ್ಪಟೆ. ವಿದ್ಯುತ್ ಕಂಬಗಳು, ಬೇಲಿ, ಬೆನ್ನಿಗೆ ಬಣ್ಣದ ಬಟ್ಟೆ ಹೊದ್ದ ಐದಾರು ಒಂಟೆಗಳು. ಫೆಬ್ರವರಿಯ ಬಿಸಿಲು ಹಿತವಾಗಿತ್ತು, ಆದರೆ ಗಾಳಿ ಕಾರನ್ನೇ ಪಕ್ಕಕ್ಕೆ ತಳ್ಳುವಷ್ಟು ಜೋರು. ದುಖಾನ್ ಹತ್ತಿರವಾದಾಗ ದೂರದಲ್ಲಿ ಎಣ್ಣೆಬಾವಿಗಳ ಕಡೆ ಬೆಂಕಿಯ ಒಂದು ನಾಲಗೆ ಕಂಡಿತು. ದಾರಿಯುದ್ದಕ್ಕೂ ನಾನು ಆ ಕೌಂಟರಿನವನ ಗುಣಗಾನ ಮಾಡಿದೆ. ನಮ್ಮ ಊರಿನ ಕಚೇರಿಗಳಿಗೆ ನಾಲ್ಕು ಮಾತು ಬೈದೆ. ಈಗ ನೆನೆದರೆ ಬಾಯಿ ಮುಚ್ಚಿಕೊಳ್ಳುವಂತಾಗುತ್ತದೆ.

ಹನ್ನೊಂದೂವರೆಗೆ ತೀರದ ಗೇಟಿಗೆ ಬಂದೆವು. ಅಲ್ಲಿಂದಲೇ ನೀರು ಕಾಣುತ್ತಿತ್ತು, ಹಸಿರಿನ ಮೇಲೆ ತೆಳುನೀಲಿ, ನಮ್ಮ ಕಡಲಿನ ಅಬ್ಬರವಿಲ್ಲ. ನೀಲಿ ಚಾಪೆಯ ದಾರಿ ನೇರ ಅದರೊಳಗೆ ಇಳಿದಿತ್ತು. ನೇಪಾಳದ ಕಾವಲುಗಾರ ಬಂದು ನಮಸ್ಕಾರ ಎಂದ. ನಾನು ಜಂಬದಿಂದ ಮುದ್ರೆ ಒತ್ತಿದ ಅರ್ಜಿ ಚಾಚಿದೆ. ಅವನು ಓದಿ ಹಿಂದೆ ಕೊಟ್ಟ.

"ಕಾರ್ಡ್ ಮಾಫಿ, ಮ್ಯಾಡಮ್."

"ಹಾಂ, ಹಾಂ, ಮಾಫಿ!" ಎಂದೆ ನಗುತ್ತ. ಊರುಗೋಲು ತೆಗೆದುಕೊಂಡು ಕಾರಿನ ಬಾಗಿಲು ತೆರೆದೇಬಿಟ್ಟೆ.

ಕಾವಲುಗಾರ ಬಾಗಿಲಿಗೆ ಅಡ್ಡ ಬಂದ. ಹರೀಶ ಸ್ಟೇರಿಂಗ್ ಮೇಲಿಂದ ಕೈ ತೆಗೆದ.

"ಅಕ್ಕ, ಒಂದು ನಿಮಿಷ. ಆ ಆಫೀಸಿನಲ್ಲಿ ಅವನು ಎಂತ ಹೇಳಿದ್ದು? ಅವನ ಬಾಯಲ್ಲಿ ಬಂದ ಹಾಗೇ ಹೇಳು."

"ಕಂಪ್ಯಾನಿಯನ್ ಮಾಫಿ, ಕಾರ್ಡ್ ಮಾಫಿ ಅಂತ."

ಹರೀಶ ಹಣೆಯನ್ನು ಸ್ಟೇರಿಂಗಿಗೆ ಒತ್ತಿದ. ಅವನ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ, ನಗುತ್ತಿದ್ದ ಮಹರಾಯ.

"ಅಯ್ಯೋ ದೇವ್ರೇ! ಇಲ್ಲಿ ಮಾಫಿ ಅಂದ್ರೆ ಇಲ್ಲ ಅಂತ ಅಕ್ಕ! ಕಂಪ್ಯಾನಿಯನ್ ಇಲ್ಲ, ಹಾಗಾಗಿ ಕಾರ್ಡ್ ಇಲ್ಲ! ನೀನು ಮಾಫಿ ಮಾಡಿದ ಅಂದಾಗ ನಾನು ನಮ್ಮ ಕನ್ನಡದ ಮಾಫಿ ಅಂದ್ಕೊಂಡೆ."

ಇಲ್ಲಿಗೆ ಬಂದ ಎಂಟು ದಿನದಲ್ಲಿ ನಾನು ಹೊರಡು ಎನ್ನಲು ಯಲ್ಲಾ ಕಲಿತಿದ್ದೆ, ಮುಗಿಯಿತು ಎನ್ನಲು ಖಲಾಸ್ ಕಲಿತಿದ್ದೆ. ಮಾಫಿಯನ್ನು ಕಲಿಯಬೇಕೆಂದು ಅನ್ನಿಸಲೇ ಇಲ್ಲ, ಅದು ನಮ್ಮದೇ ಎಂದುಕೊಂಡಿದ್ದೆ. ತಪ್ಪು ನನ್ನದು, ಒಪ್ಪುತ್ತೇನೆ. ಇಲ್ಲ ಎಂದವನಿಗೆ ಕೈ ಮುಗಿದು ಬಂದೆನಲ್ಲ! ಆದರೆ ಆ ನಾಚಿಕೆಗಿಂತ ಸಿಟ್ಟು ದೊಡ್ಡದಾಗಿತ್ತು. ಕಾವಲುಗಾರನನ್ನು ಹಿಂದಿಯಲ್ಲೇ ಕೇಳಿದೆ.

"ಈಜು ಬಾರದ ಗಟ್ಟಿ ಹುಡುಗ ಒಬ್ಬನೇ ಬಂದರೆ ಒಳಗೆ ಬಿಡುತ್ತೀರಾ?"

"ಬಿಡುತ್ತೇವೆ, ಮ್ಯಾಡಮ್. ಟಿಕೆಟ್ ಇದ್ದರೆ ಸಾಕು."

"ಆ ಕುರ್ಚಿಯನ್ನು ನೀರಿಗೆ ತಳ್ಳುವವರು ಯಾರು? ಕಂಪ್ಯಾನಿಯನ್ನಾ?"

"ಇಲ್ಲ, ನಮ್ಮವರೇ. ತರಬೇತಿ ಆದವರು ಇಬ್ಬರು ಇದ್ದಾರೆ."

"ಮತ್ತೆ ನನಗೆ ಮಾತ್ರ ಕಂಪ್ಯಾನಿಯನ್ ಯಾಕೆ?"

ಅವನು ತಲೆ ಕೆರೆದುಕೊಂಡ. "ಸಿಸ್ಟಮ್ ಕೇಳುತ್ತದೆ, ಮ್ಯಾಡಮ್. ಮೊಬೈಲಿನಲ್ಲಿ ತುಂಬಿ, ಐದು ನಿಮಿಷದಲ್ಲಿ ಬರುತ್ತದೆ." ಆ ಬಡಪಾಯಿಯ ಮೇಲೆ ಕೂಗಾಡಿ ಏನು ಪ್ರಯೋಜನ? ನಿಯಮ ಬರೆದವರು ಯಾರೋ, ಒಂದು ಟಿಕೆಟು ಕೊಳ್ಳಲು ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕಾದ ಗತಿ ಅವರಿಗೆ ಬಹುಶಃ ಯಾವತ್ತೂ ಬಂದಿಲ್ಲ.

ಹರೀಶ ಆಗಲೇ ಮೊಬೈಲ್ ತೆಗೆದು ನನ್ನ ಹೆಸರು, ಕಾರ್ಡಿನ ಫೋಟೊ ಎಲ್ಲ ಹಾಕಿ ಕಂಪ್ಯಾನಿಯನ್ ಎಂಬ ಜಾಗಕ್ಕೆ ಬಂದಿದ್ದ. ತನ್ನ ಹೆಸರಿನ ಮೊದಲ ಮೂರು ಇಂಗ್ಲಿಷ್ ಅಕ್ಷರ ಒತ್ತಿಯೂ ಆಗಿತ್ತು.

"ಹಾಕಬೇಡ" ಎಂದೆ.

"ಅಕ್ಕ, ಶುಕ್ರವಾರ ನಿನ್ನ ಫ್ಲೈಟು. ಸಮುದ್ರ ಅಲ್ಲಿ ಉಂಟು, ನೀನು ಇಲ್ಲಿದ್ದಿ. ಒಂದು ಹೆಸರಿಗೆ ಇಷ್ಟು ಹಟ ಎಂತದ್ದು?" ಮೊಬೈಲಿನಿಂದ ಕಣ್ಣೆತ್ತಿ ಹೇಳಿದ, "ನಾನು ನಿನ್ನ ತಮ್ಮ ಅಲ್ವಾ? ನನ್ನ ಹೆಸರು ಬಂದ್ರೆ ನಿನಗೆ ನಾಚಿಕೆಯಾ?"

ಅವನಿಗೆ ನಿಜವಾಗಿ ನೋವಾಗಿತ್ತು. ಚಿಕ್ಕವನಿದ್ದಾಗ ನನ್ನ ಶಾಲೆಯ ಚೀಲ ಹೊತ್ತವನು ಅವನೇ.

"ನಿನ್ನ ಹೆಸರಿಗೆ ನಾಚಿಕೆ ಇಲ್ಲ ಹರೀಶ. ನಾಳೆ ನೀನಿಲ್ಲದೆ ನಾನು ಬಂದ್ರೆ ಈ ಗೇಟು ನನಗೆ ತೆರೆಯುವುದಿಲ್ಲ. ಅದಕ್ಕೆ ನನಗೆ ಸಿಟ್ಟು. ಕೊಡು ಆ ಫೋನು."

ಅವನ ಮೂರಕ್ಷರ ಅಳಿಸಿದೆ. ಗೆರೆ ಎಳೆದರೆ ಯಂತ್ರ ಮುಂದೆ ಹೋಗುವುದಿಲ್ಲ. ಖಾಲಿ ಬಿಟ್ಟರೆ ಕೆಂಪಾಗುತ್ತದೆ. ಅದಕ್ಕೆ ಬೇಕಾದದ್ದು ಒಂದು ಹೆಸರು, ಒಂದು ಸಂಖ್ಯೆ. ನನ್ನದೇ ಹೆಸರು ಹಾಕಿದೆ. ನನ್ನದೇ ಪಾಸ್‌ಪೋರ್ಟ್ ಸಂಖ್ಯೆ ಹಾಕಿದೆ. ಸಂಬಂಧ ಎಂಬಲ್ಲಿ ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು ಎಂದೆಲ್ಲ ಇತ್ತು. ಕೊನೆಗೆ ಇತರೆ ಎಂದಿತ್ತು. ಅದನ್ನು ಒತ್ತಿದೆ.

"ಆಗ್ಲಿಕ್ಕಿಲ್ಲ ಅಕ್ಕ" ಎಂದ ಹರೀಶ, ಆದರೆ ಅವನೂ ಉಸಿರು ಹಿಡಿದು ನೋಡುತ್ತಿದ್ದ. ನಾಲ್ಕು ನಿಮಿಷ ಚಕ್ರ ತಿರುಗಿತು. ನನಗೆ ಬೆವರು ಬಂತು. ಆಮೇಲೆ ಹಸಿರು ಟಿಕ್ಕು, ಕೆಳಗೆ ಪಾಸು: ಕಂಪ್ಯಾನಿಯನ್ ಸುಶೀಲ, ಅದರಡಿಯಲ್ಲಿ ಸುಶೀಲ. ಕಾವಲುಗಾರ ಎರಡು ಸಲ ಓದಿದ. ನನ್ನನ್ನು ನೋಡಿದ, ಹರೀಶನನ್ನು ನೋಡಿದ. ಗೇಟಿನ ಕಂಬ ಎತ್ತಿದ. ಮೀಸೆಯಡಿ ನಗುತ್ತಿದ್ದ ಎಂದು ಹರೀಶ ಆಣೆ ಮಾಡಿ ಹೇಳುತ್ತಾನೆ.

ಗಾಳಿ ತಗ್ಗಲಿ ಎಂದು ಮಧ್ಯಾಹ್ನ ಎರಡು ಗಂಟೆಯವರೆಗೆ ಕಾಯಿಸಿದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಕ್ಯಾಲಿಪರ್ ಬಿಚ್ಚಿಟ್ಟೆ. ಕೀನ್ಯಾದ ಇಬ್ಬರು ಹೆಂಗಸರು ನನ್ನನ್ನು ದಪ್ಪ ಚಕ್ರದ ಕುರ್ಚಿಗೆ ದಾಟಿಸಿದರು. "ಮಾಮಾ, ತಣ್ಣಗಿದೆ, ಹೆದರಬೇಡಿ" ಎಂದಳು ಒಬ್ಬಳು. ಅವರಲ್ಲಿ ದೊಡ್ಡ ಹೆಂಗಸರನ್ನು ಹಾಗೆ ಕರೆಯುತ್ತಾರಂತೆ, ನಾವು ಅಮ್ಮ ಎಂದ ಹಾಗೆ. ಅವಳು ಕೇಳಿದ್ದನ್ನೆಲ್ಲ ನನ್ನನ್ನೇ ಕೇಳಿದಳು, ಅದನ್ನು ಬರೆಯಲೇಬೇಕು.

ಪಾದ, ಮೊಣಕಾಲು, ಸೊಂಟ. ಹಲ್ಲು ಕಟಕಟ ಎನ್ನುವಷ್ಟು ಚಳಿ. ಸೊಂಟ ಮುಳುಗಿದಾಗ ನನ್ನ ಎಡಗಾಲು ತಾನಾಗಿ ಮೇಲೆ ಬಂತು, ತೇಲುತ್ತ ನಿಂತಿತು. ಅರವತ್ತು ವರ್ಷ ಎರಡೂ ಕೈಯಿಂದ ಎತ್ತಿ ಎತ್ತಿ ಇಟ್ಟ ಕಾಲು! ನಾನು ಜೋರಾಗಿ ಅತ್ತೆ. ಮುಖ ಹೇಗೂ ಒದ್ದೆಯಾಗಿತ್ತು, ನಾಲಗೆಗೆ ನಮ್ಮ ಕಡಲಿಗಿಂತ ಹೆಚ್ಚು ಉಪ್ಪು. ದಡದಲ್ಲಿ ಹರೀಶ ಪ್ಯಾಂಟು ಮಡಚಿ ನಿಂತು ಫೋಟೊ ತೆಗೆಯುತ್ತಿದ್ದ, ಒಂದೂ ಸರಿ ಬಂದಿಲ್ಲ.

ಮೇಲೆ ಬಂದು ಬಟ್ಟೆ ಬದಲಿಸಿ ಕೂತಾಗ ಅವರು ಒಂದು ದೊಡ್ಡ ಪುಸ್ತಕ ತಂದರು. ಕುರ್ಚಿ ಹಿಂದಿರುಗಿಸಿದ ದಾಖಲೆ. ಅದರ ಪಕ್ಕದ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು: ಮೇಲ್ಕಂಡ ವ್ಯಕ್ತಿಯನ್ನು ಸುಸ್ಥಿತಿಯಲ್ಲಿ ನನ್ನ ವಶಕ್ಕೆ ಪಡೆದಿದ್ದೇನೆ, ಕಂಪ್ಯಾನಿಯನ್ ಸಹಿ. ನಾನೇನು ಪಾರ್ಸೆಲ್ಲೇ ಎಂದು ಬಾಯಿಗೆ ಬಂತು. ಹರೀಶ ಅಭ್ಯಾಸದಿಂದ ಪೆನ್ನಿಗೆ ಕೈ ಚಾಚಿದ, ಚಾಚಿದ ಕೈಯನ್ನು ತಾನೇ ಹಿಂದಕ್ಕೆ ತೆಗೆದುಕೊಂಡ. ನಾನು ಪುಸ್ತಕವನ್ನು ತೊಡೆಯ ಮೇಲೆಳೆದುಕೊಂಡು ಪೂರ್ತಿ ಸಹಿ ಹಾಕಿದೆ. ಪಕ್ಕದಲ್ಲಿ ಸಮಯ ಬರೆಯುವ ಜಾಗವಿತ್ತು. ಮೂರು ಗಂಟೆ ಹತ್ತು ನಿಮಿಷ ಎಂದು ಬರೆದೆ.