ಗಂಟು ಹಿಂದುಳಿದ ನಕಲು

ಆಗ ನನಗೆ ಅರವತ್ತೆರಡು. ಹತ್ತು ವರ್ಷದ ಹಿಂದಿನ ಮಾತು. ಓದಿದ್ದು ಮೂರನೇ ಇಯತ್ತೆ, ಅದೂ ಪೂರ್ತಿಯಲ್ಲ. ಆದರೂ ಬನಹಟ್ಟಿಯ ನಮ್ಮ ಓಣಿಯಲ್ಲಿ ಕಂಪ್ಯೂಟರಿನ ಮೌಸು ಹಿಡಿಯಬಲ್ಲ ಮುದುಕಿ ನಾನೊಬ್ಬಳೇ ಎಂಬ ಸೊಕ್ಕಿತ್ತು. ಸೊಕ್ಕು ಇಳಿದು ಬಹಳ ದಿನವಾಯಿತು. ನಾಚಿಕೆ ಇನ್ನೂ ಇಳಿದಿಲ್ಲ.

ಸೊಸೆ ಸಾವಿತ್ರಿ ಸೀರೆಯ ದಡಿಗಳನ್ನು, ಅಂದರೆ ಅಂಚಿನ ಚಿತ್ತಾರಗಳನ್ನು, ಕಂಪ್ಯೂಟರಿನಲ್ಲಿ ಬರೆದು ಮಗ್ಗದವರಿಗೆ ಕೊಡುತ್ತಿದ್ದಳು. ಬರೆಯಲು ಒಂದು ಪ್ರೋಗ್ರಾಂ, ಮಗ್ಗಕ್ಕೆ ಒಗ್ಗಿಸಲು ಇನ್ನೊಂದು. ಎರಡನೆಯದರ ಫೋಲ್ಡರು ಎಲ್ಲರಿಗೂ ತೆರೆದಿತ್ತು. ಗಿರಾಕಿಗಳು ತಾವೇ ನೋಡಿ, ಬೇಕಾದದ್ದನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಹೋಗುತ್ತಿದ್ದರು.

ಹಿಂದಿನ ಓಣಿಯ ಗಂಗವ್ವ ಹೊಸದೊಂದು ದಡಿ ಹೊಂದಿಸಿದ್ದಳು: ಜೋಳದ ತೆನೆ, ತೆನೆಯ ಮೇಲೊಂದು ಸಣ್ಣ ಹಕ್ಕಿ. "ನನ್ನ ಸೀರಿ ಪ್ಯಾಟಿಗಿ ಹೋಗೂತನಾ ಇದು ಯಾರ ಕಣ್ಣಿಗೂ ಬೀಳಬಾರದು ನೋಡವಾ" ಎಂದಿದ್ದಳು. ಸಾವಿತ್ರಿ ಅದನ್ನು ಕಂಪ್ಯೂಟರಿನಲ್ಲಿ ಬರೆದು, ಆ ಫೈಲು ತೆರೆಯುವ ಪರವಾನಗಿಯನ್ನು ತನ್ನೊಬ್ಬಳಿಗೇ ಇಟ್ಟುಕೊಂಡಳು.

ಪರವಾನಗಿ ನನಗೇನೂ ಹೊಸದಲ್ಲ. ಕೈಮಗ್ಗದ ಕಾಲದಲ್ಲಿ ನಮ್ಮ ಓಣಿಯವರು ದಡಿಯ ತುಂಡನ್ನು ನೋಡಲು ಕೊಡುವಾಗ ಮೂಲೆಗೊಂದು ಗಂಟು ಹಾಕುತ್ತಿದ್ದೆವು. ಗಂಟಿದ್ದರೆ ನೋಡಬಹುದು, ನೇಯುವಂತಿಲ್ಲ. ತುಂಡು ಹತ್ತು ಮನೆ ತಿರುಗಿದರೂ ಗಂಟು ಜೊತೆಗೇ ತಿರುಗುತ್ತಿತ್ತು. ಕಂಪ್ಯೂಟರಿನಲ್ಲೂ ಹಾಗೇ ಎಂದುಕೊಂಡೆ.

ಒಂದು ದಿನ ಸಾವಿತ್ರಿ ಕಂಪ್ಯೂಟರು ಚಾಲೂ ಬಿಟ್ಟೇ ಜಮಖಂಡಿಗೆ ಹೊರಟಳು. "ಅತ್ತೀ, ಗಂಗಕ್ಕನ ಫೈಲ್ ಮುಟ್ಟಬ್ಯಾಡ್ರಿ. ನಾ ಬಂದು ಮಗ್ಗದ ಪ್ರೋಗ್ರಾಮಿಗಿ ಹಾಕ್ತೇನಿ."

ಮುಟ್ಟಬೇಡ ಎಂದರೆ ಸುಮ್ಮನಿರುವ ಕೈಯಲ್ಲ ನನ್ನದು. ನಕಲು ಮಾಡಿ ಮಗ್ಗದ ಪ್ರೋಗ್ರಾಮಿನ ಫೋಲ್ಡರಿಗೆ ಹಾಕಿದೆ. ತೆನೆ ಹೋಯಿತು, ಹಕ್ಕಿ ಹೋಯಿತು, ಪರವಾನಗಿ ಹೋಗಲಿಲ್ಲ. ನಕಲು ತಾನು ಸೇರಿದ ಫೋಲ್ಡರಿನ ರೀತಿಯನ್ನೇ ಹಿಡಿದು ಎಲ್ಲರಿಗೂ ತೆರೆದುಕೊಂಡಿತು. ಪರವಾನಗಿ ಸಮೇತ ನಕಲು ಮಾಡುವ ದಾರಿ ಬೇರೆ ಇದೆಯಂತೆ. ಅದನ್ನು ಬಲ್ಲವಳು ಬಸ್ಸಿನಲ್ಲಿದ್ದಳು.

ತೇರದಾಳದ ಗಿರಾಕಿಯೊಬ್ಬ ಅದನ್ನು ಒಯ್ದ. ತಪ್ಪು ಅವನದಲ್ಲ, ತೆರೆದಿದ್ದರಿಂದ ತೆಗೆದುಕೊಂಡ. ಗಂಗವ್ವನ ಸೀರೆ ಮಗ್ಗ ಇಳಿಯುವ ಮೊದಲೇ ಅವನದು ಪೇಟೆಗೆ ಬಂತು. ಸುದ್ದಿ ತಿಳಿದ ದಿನ ಸಾವಿತ್ರಿ ಫೋಲ್ಡರು ನೋಡಿ ನನ್ನ ಮುಖ ನೋಡಿದಳು. ಬೈದಿದ್ದರೆ ಜಗಳ ತೆಗೆದು ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. "ಗಂಗಕ್ಕಗ ನೀವ ಹೇಳ್ರಿ" ಎಂದಷ್ಟೇ ಅಂದಳು.

ಗಂಗವ್ವನ ಮಗ್ಗದಲ್ಲೂ ಅದೇ ದಡಿ ಕಂಡ ಹೆಂಗಸರು ಅಂದು ಸಂಜೆ ನಳದ ಹತ್ತಿರ ಅವಳನ್ನು ಹಿಡಿದುಕೊಂಡಿದ್ದರು.

"ಏನಬೇ ಗಂಗೀ, ತೇರದಾಳದವರ ದಡಿ ಕದ್ದಿಯಂತ?"

"ನಾ ಯಾಕ ಕದೀಲಿ? ಆ ಹಕ್ಕಿ ನನ್ನ ಕೈಯಾಗ ಹುಟ್ಟೈತಿ!"

"ಹೌದೌದು, ಹುಟ್ಟಿ ತೇರದಾಳಕ್ಕ ಹಾರಿ ಹೋಗಿತ್ತೇನ?"

ಎಲ್ಲರೂ ನಕ್ಕರು. ಗಂಗವ್ವ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೋದಳು. ನಾನು ಅಲ್ಲೇ ಇದ್ದೆ. ತಲೆಯ ಸಿಂಬಿಯನ್ನು ಬಿಚ್ಚಿ ಮತ್ತೆ ಸುತ್ತುತ್ತ ನಿಂತಿದ್ದೆ. ಫೈಲು ಬಿಟ್ಟದ್ದು ಗೊತ್ತಿಲ್ಲದೆ. ಬಾಯಿ ಮುಚ್ಚಿಕೊಂಡದ್ದು ಗೊತ್ತಿದ್ದೇ.

ಮರುದಿನ ಬೆಳಿಗ್ಗೆ ನಳ ಬರುವ ಮೊದಲೇ ಹೋಗಿ ಪಾಳಿಯಲ್ಲಿ ಮೊದಲು ನಿಂತೆ. ಎಲ್ಲರೂ ಬರುವತನಕ ಕಾದೆ. ಗಂಗವ್ವನೂ ಬಂದಳು.

"ದಡಿ ಗಂಗವ್ವಂದು. ಹೊರಗ ಬಿಟ್ಟಾಕಿ ನಾ. ನಿನ್ನಿ ಸುಮ್ಮ ನಿಂತಾಕಿನೂ ನಾನ."

ಯಾರೂ ನಗಲಿಲ್ಲ. ಗಂಗವ್ವ ಹತ್ತಿರ ಬಂದಳು. "ನಿನ್ನಿ ಬಾಯಿ ಮನ್ಯಾಗ ಇಟ್ಟು ಬಂದಿದ್ದೇನ, ಯಕ್ಕಾ?"

"ಹೂಂ" ಎಂದೆ.

ನನ್ನ ಕೊಡ ತೆಗೆದು ಪಾಳಿಯ ಕೊನೆಗಿಟ್ಟೆ. ಆಕೆಯ ಕೊಡವನ್ನು ನಳದ ಕೆಳಗಿಟ್ಟು, ಕಂಠಮಟ ತುಂಬುವತನಕ ಹಿಡಿದುಕೊಂಡು ಕುಳಿತೆ.